ಸಮುದ್ರ ಇಲ್ಲದ ತೆಂಗಿನ ದೇಶ

ಹಾಸ್ಟೆಲ್ ಸೇರಿದ ಮೊದಲ ವಾರ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಯಾವೂರು?" ನಾವು "ತಿಪಟೂರು ಕಡೆ" ಅಂದ ತಕ್ಷಣ ಕನ್ನಡದವರಾದರೆ "ಓ, ಕೊಬ್ಬರಿ!" ಅಂತಾರೆ. ಮಾತು ಅಲ್ಲಿಗೇ ಮುಗಿಯುತ್ತೆ. ಆದರೆ ಕಾನ್ಪುರದಿಂದ ಬಂದ ನಮ್ಮ ರೂಮ್‌ಮೇಟ್ ಮಾತ್ರ ಮುಂದಿನ ಪ್ರಶ್ನೆ ಕೇಳಿದ: "ಅಂದ್ರೆ ನಿಮ್ಮೂರು ಸಮುದ್ರದ ಹತ್ತಿರನಾ?" ಇಲ್ಲಪ್ಪ, ಸಮುದ್ರ ನೋಡಬೇಕು ಅಂದ್ರೆ ನಾವೂ ನಿನ್ನ ಹಾಗೆ ಟೂರ್ ಹೋಗಬೇಕು ಅಂದ್ವಿ. "ಹಂಗಾದ್ರೆ ಅಷ್ಟೊಂದು ತೆಂಗು ಹೇಗೆ ಬೆಳೀತೀರ?" ಅಂದ. ಹತ್ತೊಂಬತ್ತು ವರ್ಷ ಆ ಮರಗಳ ಕೆಳಗೇ ಬೆಳೆದಿದ್ದರೂ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಲಕ್ಷದ್ವೀಪದ ಪಾಠದಲ್ಲಿ 'ಕೋಪ್ರಾ' ಅನ್ನೋ ಪದ ಬಾಯಿಪಾಠ ಆಗಿತ್ತು. ಅದು ನಮ್ಮ ಮನೆ ಅಟ್ಟದ ಮೇಲಿರೋ ಕೊಬ್ಬರಿಯೇ ಅಂತ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ. ಮಲಯಾಳದ 'ಕೊಪ್ಪರ' ಪೋರ್ಚುಗೀಸರ ಬಾಯಲ್ಲಿ 'ಕೋಪ್ರಾ' ಆಗಿ ಇಂಗ್ಲಿಷಿಗೆ ಹೋಯಿತು. ನಮ್ಮ ಕೊಬ್ಬರಿ ಅದರ ಅಕ್ಕತಂಗಿ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬರೆದಿದ್ದು ಈ ಲೇಖನ.

ಭೂಪಟದಲ್ಲಿ ಒಂದು ತಮಾಷೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳನ್ನು ಸೇರಿಸಿದರೆ ವಿಸ್ತೀರ್ಣ ಸುಮಾರು 2,700 ಚದರ ಕಿಲೋಮೀಟರ್. ಹೆಚ್ಚೂ ಕಡಿಮೆ ಇಷ್ಟೇ ದೊಡ್ಡದಾದ ಒಂದು ದೇಶ ಇದೆ. ಶಾಂತ ಸಾಗರದ ಸಮೋವಾ, ಸುಮಾರು 2,800 ಚದರ ಕಿಲೋಮೀಟರ್. ನಾವು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದ್ದರೆ ಸಮೋವಾ 13-14 ಡಿಗ್ರಿ ದಕ್ಷಿಣಕ್ಕಿದೆ. ಅದೂ ತೆಂಗಿನ ನಾಡೇ. 19ನೇ ಶತಮಾನದಲ್ಲಿ ಜರ್ಮನ್ ವ್ಯಾಪಾರಿಗಳು ಅಲ್ಲಿಗೆ ಹೋಗಿ ತೋಟ ಹಾಕಿಸಿದ್ದು, ಆಮೇಲೆ ಜರ್ಮನಿ ಅದನ್ನು ವಸಾಹತು ಮಾಡಿಕೊಂಡಿದ್ದು, ಎಲ್ಲದರ ಹಿಂದೆಯೂ ಕೊಬ್ಬರಿ ಇತ್ತು. ಒಂದೇ ದೊಡ್ಡ ವ್ಯತ್ಯಾಸ ಏನಂದ್ರೆ ಅಲ್ಲಿ ಇರೋದು ಸುಮಾರು ಎರಡು ಲಕ್ಷ ಜನ. 2011ರ ಜನಗಣತಿಯ ಪ್ರಕಾರ ನಮ್ಮ ಮೂರು ತಾಲೂಕಿನಲ್ಲಿ ಸುಮಾರು ಆರು ಲಕ್ಷ.

ಹಾಗಾಗಿ ಒಂದು ಸಲ ನಮ್ಮ ಮೂರು ತಾಲೂಕನ್ನೂ ಒಂದು ಪುಟ್ಟ ದೇಶ ಅಂದುಕೊಂಡು ನೋಡೋಣ. ಸ್ಕೂಲಿನ ಭೂಗೋಳ ಪುಸ್ತಕದಲ್ಲಿ ಪ್ರತಿ ದೇಶಕ್ಕೂ ಇರುತ್ತಿತ್ತಲ್ಲ, ನೆಲ, ನೀರು, ಜನ, ಕಸುಬು ಅಂತ, ಅದೇ ಕ್ರಮದಲ್ಲಿ.

ನೆಲ ಮತ್ತು ನೀರು

ಈ ದೇಶ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಕರಾವಳಿ ನೇರ ಗೆರೆ ಎಳೆದರೂ 150 ಕಿಲೋಮೀಟರ್‌ಗಿಂತ ದೂರ, ಮಧ್ಯೆ ಪಶ್ಚಿಮ ಘಟ್ಟ ಅಡ್ಡ. ಘಟ್ಟದ ಆಚೆ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದರೆ ನಮ್ಮಲ್ಲಿ ಬೀಳೋದು 600-700 ಮಿಲಿಮೀಟರ್. ಮಳೆ ನಂಬಿ ತೆಂಗು ಬೆಳೆಯೋಕೆ ಇದರ ಎರಡು ಪಟ್ಟಾದರೂ ಬೇಕು. ಪುಸ್ತಕದ ಪ್ರಕಾರ ಇದು ರಾಗಿ, ಹುರುಳಿ, ಹೆಸರು ಬೆಳೆಯೋ ನೆಲ. ಈಗಲೂ ಬೆಳೀತೀವಿ.

ಹಾಗಾದ್ರೆ ತೆಂಗು ಎಲ್ಲಿಂದ ಬಂತು? ಕೆರೆಗಳಿಂದ. ಹಳೇ ಕಾಲದ ತೋಟಗಳನ್ನು ನಮ್ಮ ಕಡೆ 'ತುಡಿಕೆ' ಅಂತಾರೆ. ಗಮನಿಸಿದರೆ ತುಡಿಕೆಗಳೆಲ್ಲ ಇರೋದು ಕೆರೆ ಏರಿಯ ಕೆಳಗೆ ಅಥವಾ ಹಳ್ಳದ ದಂಡೆಯಲ್ಲಿ. ಕೆರೆಯಿಂದ ಜಿನುಗಿದ ನೀರು ಬೇಸಿಗೆಯಲ್ಲೂ ಅಲ್ಲಿ ಬೇರಿಗೆ ಸಿಗುತ್ತಿತ್ತು. ಮಳೆ ಆಕಾಶದಿಂದ ಕಡಿಮೆ ಬಂದರೂ ನೆಲದೊಳಗಿಂದ ಹೆಚ್ಚು ಸಿಗೋ ಜಾಗವನ್ನು ಹಿರಿಯರು ಹುಡುಕಿ ಸಸಿ ನೆಟ್ಟಿದ್ದರು. ದಿಣ್ಣೆ ಮೇಲೆ ರಾಗಿ, ತಗ್ಗಿನಲ್ಲಿ ತೆಂಗು, ಇದು ಹಳೆಯ ಲೆಕ್ಕ.

ಇನ್ನೊಂದು ವಿಷಯ ನಮಗೂ ಭೂಪಟ ನೋಡಿದ ಮೇಲೇ ಗೊತ್ತಾಗಿದ್ದು. ಈ ಮೂರು ತಾಲೂಕು ಎರಡು ದೊಡ್ಡ ನದಿಗಳ ನಡುವಿನ ದಿಬ್ಬದ ಮೇಲಿದೆ. ಚಿಕ್ಕನಾಯಕನಹಳ್ಳಿ ಕಡೆ ಬಿದ್ದ ಮಳೆ ಸುವರ್ಣಮುಖಿ, ವೇದಾವತಿ ಸೇರಿ ಕೊನೆಗೆ ಕೃಷ್ಣೆಗೆ ಹೋಗುತ್ತೆ. ತುರುವೇಕೆರೆ ಕಡೆ ಬಿದ್ದಿದ್ದು ಶಿಂಷಾ ಸೇರಿ ಕಾವೇರಿಗೆ ಹೋಗುತ್ತೆ. ಅಂದರೆ ಇಲ್ಲಿಂದ ನೀರು ಎರಡೂ ಕಡೆಗೆ ಹೊರಡುತ್ತದೆಯೇ ಹೊರತು ಹೊರಗಿನಿಂದ ತಾನಾಗಿ ಬರೋ ದೊಡ್ಡ ನದಿ ಒಂದೂ ಇಲ್ಲ. ಅದಕ್ಕೇ ನಮ್ಮ ರಾಜಕೀಯದಲ್ಲಿ ಚುನಾವಣೆ ಬಂದಾಗಲೆಲ್ಲ ಹೇಮಾವತಿ ಹೆಸರು ಬರೋದು. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನ ನೀರನ್ನು ಕಾಲುವೆಯಲ್ಲಿ ತಂದು, ಚನ್ನರಾಯಪಟ್ಟಣ ತಾಲೂಕಿನ ಬಾಗೂರು-ನವಿಲೆ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದು ಈ ಕಡೆಗೆ ಹರಿಸಿದ್ದಾರೆ. ಸಿವಿಲ್ ಬ್ರ್ಯಾಂಚಿನವರು ಒಮ್ಮೆ ಹೋಗಿ ನೋಡಬೇಕಾದ ಜಾಗ. ಆ ನೀರು ಕೆರೆ ತುಂಬಿಸಿದ ವರ್ಷ ಸುತ್ತಲಿನ ತೋಟದ ಬಣ್ಣವೇ ಬೇರೆ ಇರುತ್ತೆ.

ಕೆರೆ ಮತ್ತು ಕಾಲುವೆಯ ನಡುವೆ ಬಂದಿದ್ದು ಬೋರ್‌ವೆಲ್. ಅದು ಬಂದ ಮೇಲೆ ತೆಂಗು ತಗ್ಗಿನಿಂದ ದಿಣ್ಣೆಗೆ ಹತ್ತಿತು. ರಾಗಿ ಹೊಲಗಳೆಲ್ಲ ತೋಟ ಆದವು. ತಾತನ ಕಾಲದಲ್ಲಿ ಕೈಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ಕೊರೆಸಬೇಕಾಗಿದೆ. ತಿಪಟೂರು, ಚಿಕ್ಕನಾಯಕನಹಳ್ಳಿ ಎರಡೂ ಅಂತರ್ಜಲ ಅತಿಬಳಕೆಯ ತಾಲೂಕುಗಳ ಪಟ್ಟಿಯಲ್ಲಿವೆ. ಅದರ ಮೇಲೆ ಈಗ ತೆಂಗಿನ ಸಾಲಿನ ಮಧ್ಯೆ ಅಡಿಕೆ ಬರ್ತಾ ಇದೆ. ಅಡಿಕೆಗೆ ತೆಂಗಿನಷ್ಟು ತಾಳ್ಮೆ ಇಲ್ಲ. ಒಂದು ಬೇಸಿಗೆ ನೀರು ತಪ್ಪಿದರೆ ಒಣಗಿಹೋಗುತ್ತೆ.

ನೆಲದ ಕೆಳಗೆ ಇನ್ನೂ ಒಂದು ಸಂಪತ್ತಿದೆ. ಚಿತ್ರದುರ್ಗದ ಕಡೆಯಿಂದ ಬರೋ ಹಳೇ ಶಿಲಾಪಟ್ಟಿ ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ ಹಾದುಹೋಗುತ್ತೆ. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಸುಣ್ಣದಕಲ್ಲು ಇವೆ. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ಈ ನೆಲದ ಮಗು. ಗಣಿ ಲಾರಿಗಳ ಕೆಂಪು ಧೂಳು ತೆಂಗಿನ ಗರಿ ಮೇಲೆ ಕೂರುತ್ತಿದ್ದ ಕಾಲವನ್ನು ದೊಡ್ಡವರು ಇನ್ನೂ ಹೇಳ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ತುಮಕೂರು, ಚಿತ್ರದುರ್ಗದಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು.

ಒಣ ಗಾಳಿಯ ಲಾಭ

ಇನ್ನು ರೂಮ್‌ಮೇಟ್ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ. ತೆಂಗು ಕೇರಳದಲ್ಲೂ ಇದೆ, ಕರಾವಳಿಯಲ್ಲೂ ಇದೆ. ಆದರೆ ಉಂಡೆ ಕೊಬ್ಬರಿ ಮಾತ್ರ ಯಾಕೆ ನಮ್ಮ ಕಡೆಯದು?

ಕರಾವಳಿಯಲ್ಲಿ ಗಾಳಿ ತೇವ. ಕಾಯಿಯನ್ನು ತಿಂಗಳುಗಟ್ಟಲೆ ಇಟ್ಟರೆ ಬೂಷ್ಟು ಹಿಡಿಯುತ್ತೆ. ಅದಕ್ಕೆ ಅಲ್ಲಿ ಕಾಯನ್ನು ಹೋಳು ಮಾಡಿ, ಬಿಸಿಲಲ್ಲೋ ಹೊಗೆಯಲ್ಲೋ ಬೇಗ ಒಣಗಿಸಿ ಎಣ್ಣೆ ಗಾಣಕ್ಕೆ ಕಳಿಸ್ತಾರೆ. ನಮ್ಮಲ್ಲಿ ಗಾಳಿ ಒಣ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು-ಹನ್ನೊಂದು ತಿಂಗಳು ಅದು ತನ್ನಷ್ಟಕ್ಕೆ ತಾನು ಒಣಗುತ್ತೆ. ಮೊದಲು ಒಳಗಿನ ನೀರು ಇಂಗುತ್ತೆ. ಆಮೇಲೆ ತಿರುಳು ನಿಧಾನವಾಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತೆ. ಹಸಿ ತಿರುಳಿನಲ್ಲಿ ಅರ್ಧದಷ್ಟು ತೇವ ಇದ್ದರೆ ಒಳ್ಳೆ ಕೊಬ್ಬರಿಯಲ್ಲಿ ಉಳಿಯೋದು ನೂರಕ್ಕೆ ಆರೇಳು ಭಾಗ. ಕಾಯಿ ಅಲ್ಲಾಡಿಸಿದಾಗ ಒಳಗೆ ಗಟಗಟ ಅಂದರೆ ಸಿದ್ಧ ಅಂತ ಅರ್ಥ. ಆಗ ಸಿಪ್ಪೆ ಸುಲಿದು, ಕೊಬ್ಬರಿಗೆ ಪೆಟ್ಟು ಬೀಳದ ಹಾಗೆ ಚಿಪ್ಪು ಮಾತ್ರ ಒಡೆದು, ಇಡೀ ಉಂಡೆ ಹೊರಗೆ ತೆಗೀತಾರೆ. ಒಂದು ಕಡೆ ಒಡಕಾದರೂ ರೇಟು ಕಡಿಮೆ. ಒಳಗೇ ಕೆಟ್ಟಿದ್ದರೆ ಅದು 'ಕೌಟು'.

ನಮಗೆ ಇಲ್ಲಿ ಆಶ್ಚರ್ಯ ಅನ್ನಿಸಿದ್ದು ಒಂದು ವಿಷಯ. ಯಾವ ಒಣಹವೆ ಮರಕ್ಕೆ ಕಷ್ಟವೋ ಅದೇ ಒಣಹವೆ ಕಾಯಿಗೆ ಲಾಭ. ಮಳೆ ಜಾಸ್ತಿ ಇದ್ದಿದ್ದರೆ ಮರ ಇನ್ನೂ ಚೆನ್ನಾಗಿರುತ್ತಿತ್ತು, ಕೊಬ್ಬರಿ ಆಗುತ್ತಿರಲಿಲ್ಲ. ಕೆರೆಯ ನೀರು ಮರಕ್ಕೆ, ಬಯಲಿನ ಒಣಗಾಳಿ ಅಟ್ಟಕ್ಕೆ. ಎರಡೂ ಒಂದೇ ಊರಲ್ಲಿ ಸಿಕ್ಕಿದ್ದು ನಮ್ಮ ಅದೃಷ್ಟ.

ಇದು ಇವತ್ತಿನದಲ್ಲ. 19ನೇ ಶತಮಾನದಲ್ಲಿ ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ತಿಪಟೂರು ಪಕ್ಕದ ಹೊನ್ನವಳ್ಳಿಯ ತೆಂಗಿನ ತೋಟಗಳನ್ನೂ ಅಲ್ಲಿಯ 'ಗಂಗಾಪಾನಿ' ಎಂಬ ರುಚಿಯಾದ ತಳಿಯನ್ನೂ ಹೆಸರಿಸಿದ್ದಾರೆ. ಆಗ ಹೊನ್ನವಳ್ಳಿಯೇ ತಾಲೂಕು ಕೇಂದ್ರ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಾದಿ ಬಂದ ಕಾಲದಲ್ಲಿ ಕಚೇರಿಗಳು ಹಾದಿಯ ಮೇಲಿದ್ದ ತಿಪಟೂರಿಗೆ ಬಂದವು. ತಿಪಟೂರು ಪೇಟೆ ಆಯಿತು, ಹೊನ್ನವಳ್ಳಿ ಹೋಬಳಿಯಾಗಿ ಉಳಿಯಿತು. 'ತಿಪಟೂರು ಟಾಲ್' ಅಂತ ತೆಂಗಿನ ತಳಿಯೊಂದರ ಹೆಸರೇ ಇದೆ. ತಳಿಗೆ ಊರಿನ ಹೆಸರು ಸಿಗೋದು ಅಂದ್ರೆ ಸಣ್ಣ ಮಾತಲ್ಲ.

ಜನ

ಈ ದೇಶದ ಜನರನ್ನು ಒಂದು ಪ್ಯಾರಾದಲ್ಲಿ ಹೇಳೋದು ಕಷ್ಟ. ಲಿಂಗಾಯತರು, ಒಕ್ಕಲಿಗರು, ಕುರುಬರು, ಗೊಲ್ಲರು, ದಲಿತರು, ಮುಸ್ಲಿಮರು ಎಲ್ಲರೂ ಇದ್ದಾರೆ. ತೋಟ ಇರೋರು ಒಂದು ಕಡೆ, ತೋಟದಲ್ಲಿ ದುಡಿಯೋರು ಇನ್ನೊಂದು ಕಡೆ ಅನ್ನೋದು ಇಲ್ಲೂ ಇದೆ. 'ಕಲ್ಪತರು ನಾಡು' ಅಂತ ಬೋರ್ಡ್ ಹಾಕ್ಕೊಳ್ಳುವಾಗ ನಾವು ಅದನ್ನು ಮರೀತೀವಿ. ಮರದ ಮೇಲಿಂದ ಕಾಯಿ ಕೆಡವೋರು, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯೋರು, ಚಿಪ್ಪು ಒಡೆಯೋರು ಹೆಚ್ಚಿನ ಮಟ್ಟಿಗೆ ಸ್ವಂತ ತೋಟ ಇಲ್ಲದವರು. ಕೂಲಿ ಲೆಕ್ಕ ಕಾಯಿಯ ಮೇಲೆ. ಬೆಳಗಿನಿಂದ ಸಂಜೆವರೆಗೆ ಕೂತು ಒಂದೂ ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸೋ ಹೆಂಗಸರ ಕೈಯನ್ನು ನೀವು ನೋಡಬೇಕು. ಎಲ್ಲಿ ಎಷ್ಟು ಜೋರಾಗಿ ಹೊಡೆಯಬೇಕು ಅನ್ನೋದು ಅವರಿಗೆ ಗೊತ್ತು. ನಾವು ಹೊಡೆದರೆ ಹತ್ತರಲ್ಲಿ ನಾಲ್ಕು ಒಡಕು.

ಹೆಸರಾದ ಜಾಗಗಳೂ, ಜನರೂ ಇದ್ದಾರೆ. ತುರುವೇಕೆರೆಯಲ್ಲಿ 13ನೇ ಶತಮಾನದ ಹೊಯ್ಸಳ ದೇವಸ್ಥಾನ ಇದೆ. ತಿಪಟೂರು ತಾಲೂಕಿನ ಅರಳಗುಪ್ಪೆಯಲ್ಲಿ ಹೊಯ್ಸಳರಿಗಿಂತ ಹಳೆಯ ಕಲ್ಲೇಶ್ವರನ ಗುಡಿ ಇದೆ. ಬೇಲೂರು-ಹಳೇಬೀಡಿಗೆ ಇಂಡಸ್ಟ್ರಿಯಲ್ ವಿಸಿಟ್ ನೆಪದಲ್ಲಿ ಹೋಗೋರು ದಾರಿಯಲ್ಲೇ ಇದನ್ನು ನೋಡಬಹುದು. ಚಿಕ್ಕನಾಯಕನಹಳ್ಳಿ ಊರಿಗೆ ಹೆಸರು ಬಂದಿದ್ದು ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನಿಂದ. ಅಲ್ಲಿಯ ತಾತಯ್ಯನ ಗೋರಿಗೆ ಹಿಂದೂ ಮುಸ್ಲಿಂ ಇಬ್ಬರೂ ಹರಕೆ ಹೊರುತ್ತಾರೆ. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರ 'ತೀ' ಅಂದರೆ ಇದೇ ತಾಲೂಕಿನ ತೀರ್ಥಪುರ. ಹಳೇ ಕಪ್ಪು-ಬಿಳುಪು ಸಿನಿಮಾಗಳಲ್ಲಿ ನಗಿಸುತ್ತಿದ್ದ ಹಾಸ್ಯನಟ ನರಸಿಂಹರಾಜು ತಿಪಟೂರಿನವರು.

ಊಟ? ಬೆಳಿಗ್ಗೆ ಕಾಯಿ ಚಟ್ನಿ, ಮಧ್ಯಾಹ್ನ ರಾಗಿ ಮುದ್ದೆ. ಯಾವ ಸಾರಿಗೂ ಕಾಯಿ ರುಬ್ಬಿ ಹಾಕೋದು. ಹಾಸ್ಟೆಲ್ ಮೆಸ್ಸಿನಲ್ಲಿ ಕಾಯಿ ಇಲ್ಲದ ಸಾರು ಉಂಡಾಗ ನಮಗೆ ಮೊದಲ ಸಲ ಮನೆ ನೆನಪಾಗಿ ಅಳು ಬಂದಿದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ವಿ.

ಅಟ್ಟವೇ ಬ್ಯಾಂಕು

ಈಗ ಅರ್ಥವ್ಯವಸ್ಥೆ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ.

ಮೂವತ್ತು ಅಡಿಗೆ ಒಂದು ಸಸಿಯಂತೆ ನೆಟ್ಟರೆ ಎಕರೆಗೆ ಸುಮಾರು 48 ಮರ. ಮಧ್ಯಮ ತೋಟದಲ್ಲಿ ಮರಕ್ಕೆ ವರ್ಷಕ್ಕೆ 60 ಕಾಯಿ ಅಂದುಕೊಳ್ಳೋಣ. 2,880 ಕಾಯಿ ಆಯಿತು. ನೂರಕ್ಕೆ ಐದು ಕೌಟು ಅಂತ ತೆಗೆದರೆ ಸುಮಾರು 2,740. ಒಂದು ಉಂಡೆ 125 ಗ್ರಾಂ ತೂಗಿದರೆ ಕ್ವಿಂಟಲ್‌ಗೆ 800 ಕೊಬ್ಬರಿ ಬೇಕು. ಅಂದರೆ ಎಕರೆಗೆ ಸುಮಾರು 3.4 ಕ್ವಿಂಟಲ್. ಇದು ನಮ್ಮ ನೋಟ್‌ಬುಕ್ಕಿನ ಲೆಕ್ಕ. ನಿಮ್ಮ ತೋಟದ ಸಂಖ್ಯೆ ಹಾಕಿ ನೀವೂ ಮಾಡಬಹುದು.

ಇದಕ್ಕೆ ರೇಟು ಗುಣಿಸಿ. ಕ್ವಿಂಟಲ್‌ಗೆ 8,000 ರೂಪಾಯಿ ಇದ್ದರೆ ಎಕರೆಗೆ 27,200. 12,500 ಇದ್ದರೆ 42,500. 25,000 ಇದ್ದರೆ 85,000. ಇದರಲ್ಲಿ ಗೊಬ್ಬರ, ಉಳುಮೆ, ಕೆಡವೋ ಕೂಲಿ, ಸುಲಿಯೋ ಕೂಲಿ, ಒಡೆಯೋ ಕೂಲಿ ಕಳೆಯಬೇಕು. ಎರಡು ಎಕರೆಯ ಮನೆಯವರ ಬದುಕು ಮೊದಲ ಸಂಖ್ಯೆಗೂ ಕೊನೆಯ ಸಂಖ್ಯೆಗೂ ನಡುವೆ ಎಲ್ಲೋ ತೂಗಾಡುತ್ತೆ.

ಈ ಮೂರು ರೇಟು ನಾವು ಸುಮ್ಮನೆ ಬರೆದಿದ್ದಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ಆ ವರ್ಷ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ 11,750. ಅಂದರೆ ಪೇಟೆಯ ರೇಟು ಬೆಂಬಲ ಬೆಲೆಗಿಂತ ಮೂರು ಸಾವಿರಕ್ಕೂ ಹೆಚ್ಚು ಕೆಳಗೆ. 2024ಕ್ಕೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಅದರ ಮೇಲೆ 1,500 ಪ್ರೋತ್ಸಾಹಧನ ಸೇರಿಸಿತು. 2025ಕ್ಕೆ 12,100, 2026ಕ್ಕೆ 12,500. ಆದರೆ 2025ರಲ್ಲಿ ಮಾರುಕಟ್ಟೆಯ ಬೆಲೆಯೇ 25,000 ದಾಟಿಹೋಯಿತು. ಎರಡು ವರ್ಷದಲ್ಲಿ ಮೂರು ಪಟ್ಟು.

ನಮ್ಮ ಮನೆಯ ಕಥೆ ಇದರೊಳಗೇ ಇದೆ. 2023ರಲ್ಲಿ ನಾವು ಪಿಯುಸಿ. ತಾತ ಯಾವಾಗಲೂ ಹೇಳೋರು, "ಅಟ್ಟ ತುಂಬಿದ್ರೆ ಬ್ಯಾಂಕು ತುಂಬಿದಂಗೆ ಕಣ್ಲಾ ಮಗ. ರೇಟು ಇಲ್ದಾಗ ಇಳಿಸ್ಬಾರ್ದು." ಅಟ್ಟದ ಕಾಯಿ ನಮ್ಮಲ್ಲಿ ನಿಜಕ್ಕೂ ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ. ಮದುವೆ, ಆಸ್ಪತ್ರೆ, ಕಾಲೇಜು ಬಂದಾಗ ಇಳಿಸೋದು. ಆದರೆ ಫೀಸ್ ಕಟ್ಟೋ ಕೊನೆಯ ದಿನಾಂಕಕ್ಕೆ ಕೊಬ್ಬರಿ ರೇಟು ಗೊತ್ತಿರಲ್ಲ. ಬೆಂಬಲ ಬೆಲೆಗೆ ಕೊಡೋಣ ಅಂದರೆ ಖರೀದಿ ಕೇಂದ್ರ ತೆರೆಯೋದಕ್ಕೆ ಕಾಯಬೇಕು, ನೋಂದಣಿಗೆ ಸಾಲು ನಿಲ್ಲಬೇಕು, ದುಡ್ಡು ಬರೋಕೆ ಇನ್ನಷ್ಟು ದಿನ. ಅಪ್ಪ ಕಾಯಲಿಲ್ಲ. ಎಂಟು ಸಾವಿರದ ಲೆಕ್ಕದಲ್ಲಿ ಅಟ್ಟ ಪೂರ್ತಿ ಇಳಿಸಿ ಮಾರಿದರು. ಆ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. 2025ರಲ್ಲಿ ರೇಟು ಏರುತ್ತಾ ಹೋದಾಗ ಊರಿನವರೆಲ್ಲ ಮೊಬೈಲ್‌ನಲ್ಲಿ ಅದನ್ನೇ ನೋಡ್ತಿದ್ದರು. ನಮ್ಮ ಅಟ್ಟದಲ್ಲಿ ಇದ್ದಿದ್ದು ಕಾಲು ಭಾಗ ಕಾಯಿ.

ಡೆಡ್ ಟೈಮ್ ಅನ್ನೋ ಸಮಸ್ಯೆ

ಬೆಲೆ ಇಷ್ಟು ಕುಣಿಯೋದು ಯಾಕೆ? ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಬೇಗ ಅರ್ಥ ಆಗುತ್ತೆ. ಸ್ನಾನದ ಮನೆಯ ಗೀಸರ್ ನಲ್ಲಿ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಬಿಸಿನೀರು ಬಂದರೆ ನಾವೇನು ಮಾಡ್ತೀವಿ? ತಣ್ಣಗಿದೆ ಅಂತ ಇನ್ನೂ ತಿರುಗಿಸ್ತೀವಿ, ಆಮೇಲೆ ಸುಟ್ಟುಕೊಳ್ತೀವಿ. ಸೂಚನೆಗೂ ಪರಿಣಾಮಕ್ಕೂ ನಡುವಿನ ಈ ಅಂತರಕ್ಕೆ ಡೆಡ್ ಟೈಮ್ ಅಂತಾರೆ. ತೆಂಗಿನಲ್ಲಿ ಅದು ನಿಮಿಷಗಳಲ್ಲಿಲ್ಲ, ವರ್ಷಗಳಲ್ಲಿದೆ.

ಸಸಿ ನೆಟ್ಟು ಫಲಕ್ಕೆ ಬರೋಕೆ ಆರೇಳು ವರ್ಷ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯೋಕೆ ಒಂದು ವರ್ಷ. ಅಟ್ಟದಲ್ಲಿ ಒಣಗೋಕೆ ಇನ್ನೊಂದು ವರ್ಷಕ್ಕೆ ಸ್ವಲ್ಪ ಕಡಿಮೆ. ಅದಕ್ಕೂ ಮೊದಲು ಹೊಂಬಾಳೆ ಮರದ ಸುಳಿಯೊಳಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಣ್ಣಿಗೆ ಕಾಣದ ಹಾಗೆ ಬೆಳೀತಾ ಇರುತ್ತೆ. ಆ ಹೊತ್ತಿನಲ್ಲಿ ಬರ ಬಂದರೆ ಮರ ಇವತ್ತು ಹಸಿರಾಗೇ ಕಾಣಬಹುದು, ಆದರೆ ಎರಡು-ಮೂರು ವರ್ಷ ಬಿಟ್ಟು ಗೊನೆ ಬಡವಾಗುತ್ತೆ. 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳಲ್ಲಿ ಬರ ಘೋಷಣೆ ಆಗಿತ್ತು. ಅದರ ಬಿಲ್ಲು ಆಮೇಲಿನ ವರ್ಷಗಳಲ್ಲಿ ಬಂತು. ಜೊತೆಗೆ ಬಿಳಿ ನೊಣದ ಕಾಟ, ಕಪ್ಪುತಲೆ ಹುಳು, ಕಾಂಡದಿಂದ ರಸ ಸೋರೋ ರೋಗ. ರೇಟು ಇಲ್ಲ ಅಂತ ಗೊಬ್ಬರ ಹಾಕದೆ ಬಿಟ್ಟ ತೋಟಗಳು ಬೇರೆ. ಎಳನೀರಿಗೆ ಒಳ್ಳೆ ಬೆಲೆ ಬಂದಿದ್ದರಿಂದ ಎಷ್ಟೋ ಜನ ಕಾಯಿ ಬಲಿಯೋಕೇ ಬಿಡಲಿಲ್ಲ. ಇಷ್ಟೆಲ್ಲ ಸೇರಿ ಕೊಬ್ಬರಿ ಕಡಿಮೆ ಆಯಿತು, ರೇಟು ಏರಿತು. ಅಂದರೆ 25,000 ಬಂದಾಗ ಸಂಭ್ರಮಪಡೋಕೆ ಅಟ್ಟದಲ್ಲಿ ಕಾಯಿಯೇ ಇಲ್ಲ. ಮೇಲಿನ ಲೆಕ್ಕದಲ್ಲಿ 60 ಕಾಯಿಯ ಬದಲು 30 ಹಾಕಿ ನೋಡಿ, ಗೊತ್ತಾಗುತ್ತೆ.

ಇನ್ನೊಂದು ಕಾರಣ, ಗಿರಾಕಿ ದೂರ ಇರೋದು. ಕೇರಳದ ಕೊಬ್ಬರಿ ಎಣ್ಣೆಗೆ ಹೋಗುತ್ತೆ. ನಮ್ಮ ಉಂಡೆ ಕೊಬ್ಬರಿ ಡ್ರೈಫ್ರೂಟ್ ಥರ ತಿನ್ನೋಕೆ, ಪೂಜೆಗೆ, ಮದುವೆಗೆ ಉತ್ತರ ಭಾರತಕ್ಕೆ ಹೋಗುತ್ತೆ. ಕಾನ್ಪುರದ ಹುಡುಗನಿಗೆ ಒಂದು ಉಂಡೆ ತೋರಿಸಿದಾಗ ಅವನು "ಅರೆ, ಇದು ಗೋಲಾ! ನಮ್ಮ ಮನೇಲಿ ಪ್ರತಿ ದೀಪಾವಳಿಗೂ ತರ್ತಾರೆ" ಅಂದ. ಅವನ ಅಮ್ಮ ದೀಪಾವಳಿಗೆ ಎಷ್ಟು ಗೋಲಾ ಕೊಳ್ತಾರೆ ಅನ್ನೋದು ನಮ್ಮ ಫೀಸನ್ನು ತೀರ್ಮಾನ ಮಾಡ್ತಿತ್ತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ತಿಪಟೂರು ಎಪಿಎಂಸಿ ದೇಶದಲ್ಲೇ ಉಂಡೆ ಕೊಬ್ಬರಿಗೆ ಹೆಸರಾದ ಮಾರುಕಟ್ಟೆ. ಟೆಂಡರ್ ಈಗ ಆನ್‌ಲೈನ್. ರೇಟು ಎಲ್ಲರ ಕಣ್ಣಿಗೆ ಕಾಣುತ್ತೆ, ಅದು ಒಳ್ಳೆಯದೇ. ಆದರೆ ರೇಟು ಹುಟ್ಟೋ ಜಾಗ ಎರಡು ಸಾವಿರ ಕಿಲೋಮೀಟರ್ ಆಚೆ ಇದೆ.

ಸಣ್ಣ ಉಷ್ಣವಲಯದ ದೇಶಗಳ ಕಥೆಯೂ ಇದೇ. ಒಂದು ಬೆಳೆ, ದೂರದ ಗಿರಾಕಿ. ಸಮೋವಾದ ಉತ್ತರಕ್ಕಿರೋ ಕಿರಿಬಾಸ್ ಅನ್ನೋ ದ್ವೀಪದೇಶದಲ್ಲಿ ಸರ್ಕಾರವೇ ಸಹಾಯಧನ ಸೇರಿಸಿ ದ್ವೀಪದವರಿಂದ ಕೊಬ್ಬರಿ ಕೊಳ್ಳುತ್ತೆ. ಇಲ್ಲದಿದ್ದರೆ ದೂರದ ದ್ವೀಪಗಳಲ್ಲಿ ಜನರ ಕೈಗೆ ನಗದು ಬರೋ ದಾರಿಗಳೇ ಕಡಿಮೆ. ನಾವು ಬೆಂಬಲ ಬೆಲೆ ಅಂತ ರಸ್ತೆಗೆ ಇಳಿಯೋದನ್ನು ಕೆಲವರು ಬೈತಾರೆ. ಆದರೆ ಬೆಳೆಗೆ ಬೇಗ ಬದಲಾಗೋಕೆ ಆಗದಿದ್ದಾಗ ಯಾರಾದರೂ ಆ ಕುಣಿತವನ್ನು ಹಿಡಿದು ನಿಲ್ಲಿಸಲೇಬೇಕಲ್ಲ? ಅದು ದಾನ ಅಲ್ಲ, ಡ್ಯಾಂಪಿಂಗ್. ಸಮಯಕ್ಕೆ ಸರಿಯಾಗಿ ಬರದಿದ್ದರೆ ಮಾತ್ರ ಅದರಿಂದ ಉಪಯೋಗ ಇಲ್ಲ.

ಸಿಪ್ಪೆ, ಚಿಪ್ಪು, ನಾರು

ಕೊಬ್ಬರಿ ಒಂದನ್ನೇ ನಂಬದೆ ಇರೋ ದಾರಿಗಳೂ ಇವೆ. ಸಿಪ್ಪೆಯಿಂದ ನಾರು, ನಾರು ತೆಗೆದ ಮೇಲೆ ಉಳಿಯೋ ಪುಡಿಯಿಂದ ಕೋಕೋಪೀಟ್. ಮಣ್ಣಿಲ್ಲದೆ ಗಿಡ ಬೆಳೆಸೋ ಹೊರದೇಶದ ಹಸಿರುಮನೆಗಳಿಗೆ ಇದು ಬೇಕು. ಚಿಪ್ಪು ಸುಟ್ಟರೆ ಇದ್ದಿಲು, ಅದರಿಂದ ವಾಟರ್ ಫಿಲ್ಟರ್‌ನೊಳಗಿನ ಆ್ಯಕ್ಟಿವೇಟೆಡ್ ಕಾರ್ಬನ್. ಹಸಿ ಕಾಯಿ ತುರಿದು ಒಣಗಿಸಿದರೆ ಬೇಕರಿಗೆ ಹೋಗೋ ಪುಡಿ. ಹೆದ್ದಾರಿ ಪಕ್ಕದಲ್ಲಿ ಇಂಥ ಘಟಕಗಳು ಕಾಣುತ್ತವೆ. ನುಸಿ ರೋಗ ಬಂದು ತೋಟಗಳು ಹಾಳಾದ ಕಾಲದಲ್ಲಿ ನೀರಾ ಇಳಿಸೋಕೆ ಅನುಮತಿ ಕೊಡಿ ಅಂತ ರೈತರು ದೊಡ್ಡ ಹೋರಾಟ ಮಾಡಿದ್ದರು. ತಿಪಟೂರು ಹತ್ತಿರದ ಕೋನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪಕ್ಕದ ಅರಸೀಕೆರೆಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇವೆ. ಕಪ್ಪುತಲೆ ಹುಳುವಿಗೆ ವಿಷ ಹೊಡೆಯೋ ಬದಲು ಅದನ್ನೇ ತಿನ್ನೋ ಪರೋಪಜೀವಿ ಕಣಜಗಳನ್ನು ತೋಟಕ್ಕೆ ಬಿಡೋ ವಿಧಾನ ಇದೆ. ಬಯೋಟೆಕ್‌ನವರು ಕೇಳಿ ತಿಳ್ಕೋಬಹುದು.

ಅತಿ ದೊಡ್ಡ ರಫ್ತು

ಸಮೋವಾ ಬಗ್ಗೆ ಓದುವಾಗ ಒಂದು ಸಾಲು ನಮ್ಮನ್ನು ನಿಲ್ಲಿಸಿತು. ಆ ದೇಶದ ಆದಾಯದಲ್ಲಿ ದೊಡ್ಡ ಪಾಲು ಈಗ ಕೊಬ್ಬರಿಯದಲ್ಲ, ಹೊರಗೆ ಹೋಗಿ ದುಡಿಯೋ ಮಕ್ಕಳು ಮನೆಗೆ ಕಳಿಸೋ ಹಣದ್ದು. ಸಮೋವಾದಲ್ಲಿ ಎಷ್ಟು ಜನ ಇದ್ದಾರೋ ಹೆಚ್ಚೂ ಕಡಿಮೆ ಅಷ್ಟೇ ಸಮೋವಾ ಮೂಲದವರು ನ್ಯೂಜಿಲೆಂಡಿನಲ್ಲಿದ್ದಾರೆ.

ನಮ್ಮ ನ್ಯೂಜಿಲೆಂಡ್ ಬೆಂಗಳೂರು. ಬೆಳಗಿನ ರೈಲು ಹತ್ತಿದರೆ ಎರಡೂವರೆ-ಮೂರು ಗಂಟೆ. ಊರಿನ ಯಾವ ಮನೆ ಕೇಳಿದರೂ ಒಬ್ಬ ಪೀಣ್ಯದಲ್ಲಿ, ಒಬ್ಬಳು ಐಟಿ ಕಂಪನಿಯಲ್ಲಿ, ಇನ್ನೊಬ್ಬ ಕ್ಯಾಬ್ ಓಡಿಸ್ತಾ ಇರ್ತಾನೆ. ನಾವೂ ಆ ಸಾಲಿನಲ್ಲೇ ಇದ್ದೀವಿ. ಅಪ್ಪ ಎಂಟು ಸಾವಿರಕ್ಕೆ ಅಟ್ಟ ಇಳಿಸಿದ್ದು ನಾವು ಮರ ಹತ್ತಲಿ ಅಂತಲ್ಲ, ಹತ್ತದೇ ಇರಲಿ ಅಂತ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಬ್ಬರಿಯಿಂದ ದೂರ ಹೋಗೋ ಟಿಕೆಟ್ ಕೊಂಡ ಹಾಗೆ. ಊರಲ್ಲಿ ಈಗ ಕಾಯಿ ಕೆಡವೋರು ಸಿಗಲ್ಲ. ಸಿಕ್ಕಿದರೂ ವಯಸ್ಸಾದವರು. ನಾರಿನ ಘಟಕಗಳಲ್ಲಿ ಹಿಂದಿ ಮಾತಾಡೋ ಹುಡುಗರು ಕಾಣ್ತಾರೆ. ಅವರು ಅವರ ದೇಶದ ರಫ್ತು.

ಇದಕ್ಕೆ ನಮ್ಮ ಹತ್ತಿರ ಪರಿಹಾರ ಇಲ್ಲ. ಊರಿಗೆ ವಾಪಸ್ ಹೋಗ್ತೀವಿ ಅಂತ ಭಾಷಣ ಮಾಡಿದರೆ ಅದು ಸುಳ್ಳಾಗುತ್ತೆ. ಆದರೆ ಓದ್ತಾ ಇರೋ ವಿಷಯ ಆ ಕಡೆ ತಿರುಗಿಸಬಹುದು ಅನ್ನಿಸಿದೆ. ಈ ಸಲ ಮಿನಿ ಪ್ರಾಜೆಕ್ಟಿಗೆ ನಾವು ಒಂದು ಸಣ್ಣ ಪ್ರಯತ್ನ ಮಾಡಿದ್ವಿ. ಕಾಯಿ ಅಲ್ಲಾಡಿಸಿದ ಶಬ್ದವನ್ನು ಮೊಬೈಲ್ ಮೈಕಿನಲ್ಲಿ ರೆಕಾರ್ಡ್ ಮಾಡಿ, ಒಳಗೆ ಕೊಬ್ಬರಿ ಸಿದ್ಧವೋ, ಇನ್ನೂ ನೀರಿದೆಯೋ, ಕೌಟೋ ಅಂತ ಹೇಳೋ ಪ್ರೋಗ್ರಾಂ. ದಸರಾ ರಜೆಯಲ್ಲಿ ಮನೆಗೆ ಹೋಗಿ ಅಟ್ಟದ ಕೆಳಗೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿದ್ವಿ. ಸಿದ್ಧವೋ ನೀರೋ ಅನ್ನೋದನ್ನು ಅದು ಸುಮಾರಾಗಿ ಹೇಳಿತು. ಕೌಟು ಮಾತ್ರ ಹಿಡಿಯಲೇ ಇಲ್ಲ.

ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಮ್ಮ ಕೈಯಿಂದ ಒಂದು ಕಾಯಿ ತಗೊಂಡು ಕಿವಿ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸಿ, "ಇದು ಕೌಟು, ಆ ಕಡೆ ಹಾಕು" ಅಂದರು. ಸುಲಿದು ಒಡೆದು ನೋಡಿದ್ವಿ. ಕೌಟೇ.

"ಅದು ಹೆಂಗಜ್ಜಿ ಗೊತ್ತಾಯ್ತು?" ಅಂದ್ವಿ.

"ಸದ್ದು ದಪ್ಪ ಐತೆ, ಕೇಳ್ಸಲ್ವಾ?" ಅಂದರು.

ನಮಗೆ ಕೇಳಿಸಲಿಲ್ಲ. ಮುಂದಿನ ಸೆಮಿಸ್ಟರ್‌ಗೆ ಅದೇ ಪ್ರಾಜೆಕ್ಟ್ ಮುಂದುವರಿಸ್ತಾ ಇದ್ದೀವಿ. ಅಜ್ಜಿ ಒಂದೊಂದೇ ಕಾಯಿ ಅಲ್ಲಾಡಿಸಿ ಹೆಸರು ಹೇಳ್ತಾರೆ, ನಾವು ರೆಕಾರ್ಡ್ ಮಾಡ್ತೀವಿ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನವರು ಯಾರಾದರೂ ಕೈಜೋಡಿಸೋದಾದರೆ ಬನ್ನಿ. ಊಟಕ್ಕೆ ಮುದ್ದೆ, ಕಾಯಿ ರುಬ್ಬಿ ಹಾಕಿದ ಸಾರು ಗ್ಯಾರಂಟಿ.